ಸನ್ಮಾನದ ನಿಂದಾಸ್ತುತಿ

ಇಡಗುಂದಿಯ ತಾಳಮದ್ದಲೆಯಲ್ಲಿ ಅರ್ಥ ಹೇಳಿದ ಶ್ರೀವಾಣಿಗೆ ಶಾಲು ಹೊದಿಸುವ ಮುಂಚೆ ನಾಲ್ಕು ಮಾತಾಡುವ ಕೆಲಸ ಸಹ ಅರ್ಥಧಾರಿ ಚಿರಂತನನ ಪಾಲಿಗೆ ಬಂದಿತ್ತು. ಎಲ್ಲರಂತೆ ಹೊಗಳದೆ ಅವನು ನಿಂದಾಸ್ತುತಿ ಹಿಡಿದ.

"ಈಕೆ ಮಹಾ ಕಳ್ಳಿ. ಎದುರು ಕೂತವನ ಮಾತು ಕದಿಯುತ್ತಾಳೆ, ಕೇಳುವವರ ನಿದ್ದೆ ಕದಿಯುತ್ತಾಳೆ. ಯಾವ ಮನೆಯವರೂ ಒಳಗೆ ಬಿಟ್ಟುಕೊಳ್ಳಬಾರದು!"

ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಅವಳ ಸೋದರತ್ತೆ ದಾಕ್ಷಾಯಿಣಿ ನಗಲಿಲ್ಲ. ಅವರ ಪಕ್ಕದಲ್ಲಿ, ಹೆಣ್ಣನ್ನು ನೋಡಲೆಂದೇ ಬಂದಿದ್ದ ಸಿದ್ದಾಪುರದವರು ಕೂತಿದ್ದರು. ಅವರೂ ನಗಲಿಲ್ಲ, ಮಂಗಳ ಹಾಡುವ ಮೊದಲೇ ಎದ್ದು ಹೋದರು.

ವಿಷಯ ತಿಳಿದ ಚಿರಂತನ ಮರುದಿನವೇ ಯಲ್ಲಾಪುರಕ್ಕೆ, ಅವಳು ಕನ್ನಡ ಕಲಿಸುವ ಕಾಲೇಜಿಗೆ ಹೋದ. ಸ್ಟಾಫ್ ರೂಮಿನಲ್ಲಿ ಅವಳೊಬ್ಬಳೇ ಪೇಪರ್ ತಿದ್ದುತ್ತಿದ್ದಳು.

"ಅವ್ರು ಬಂದಿದ್ದು ಯಂಗೆ ಗೊತ್ತಿತ್ತಿಲ್ಲೆ. ಸಿದ್ದಾಪುರಕ್ಕೆ ಹೋಗಿ, ಅದು ಬೈದಿದ್ದಲ್ಲ, ಹೊಗಳಿದ್ದು ಅಂತ ಬಿಡಿಸಿ ಹೇಳಿಕ್ಕೆ ಬತ್ತೆ," ಎಂದ.

"ಮೊದ್ಲು ಯಂಗೆ ಬಿಡಿಸಿ ಹೇಳು. ನಿಂದಾಸ್ತುತೀಲಿ ಹೊರಗಿನ ಮಾತು ಸುಳ್ಳು, ಒಳಗಿಂದು ನಿಜ. ಒಳಗೆ ಎಂತ ಇತ್ತು?"

ಅವಳು ಪೆನ್ನಿನ ಕ್ಯಾಪು ಹಾಕಿ, ಕನ್ನಡಕದ ಮೇಲಿನಿಂದ ನೋಡಿದಳು. ಆ ನೋಟಕ್ಕೆ ಅವನ ಕಿವಿ ಬಿಸಿಯಾಯಿತು.

"ನೀನು ಬೆಳದಿಂಗಳ ಹಾಂಗೆ..."

"ಉಪಮೆ ಬ್ಯಾಡ."

"ಯನ್ನ ಪಾಲಿನ ದೀಪ..."

"ರೂಪಕವೂ ಬ್ಯಾಡ ಮಾರಾಯ! ಸ್ವಭಾವೋಕ್ತಿ ಅಂತ ಒಂದಿದ್ದು. ಇದ್ದಿದ್ದನ್ನ ಇದ್ದ ಹಾಂಗೇ ಹೇಳದು. ಬತ್ತಾ ಅದು?"

ತಾಳಮದ್ದಲೆಯಲ್ಲಿ ಗಂಟೆಗಟ್ಟಲೆ ವಾದಿಸುವವನು ಎದುರಿನ ಕುರ್ಚಿ ಎಳೆದು ಕೂತ. ಸಿದ್ದಾಪುರಕ್ಕೆ ಹೋಗಿ ಒಪ್ಪಿಸಿ ಬಂದರೆ ಇವಳು ಆ ಮನೆ ಸೇರುತ್ತಾಳೆ. ಅದು ಅವನಿಗೆ ಈಗಷ್ಟೇ ಸರಿಯಾಗಿ ಹೊಳೆಯಿತು.

"ನೀನು ಸಿದ್ದಾಪುರಕ್ಕೆ ಹೋಪದು ಯಂಗೆ ಬ್ಯಾಡ," ಎಂದ. "ನೀನು ಅರ್ಥ ಹೇಳಿದಲ್ಲೆಲ್ಲ ಆನು ಬಂದಿದ್ದು ನಿನ್ನ ನೋಡಲೆ. ಯನ್ನ ಮದ್ವೆ ಆಗ್ತ್ಯಾ?"

ಶ್ರೀವಾಣಿ ತಲೆ ತಗ್ಗಿಸಿದಳು. ಪೇಪರುಗಳನ್ನು ಸುಮ್ಮನೆ ಸರಿಸಿದಳು, ಮತ್ತೆ ಅಲ್ಲಿಗೇ ಸರಿಸಿದಳು.

"ಹ್ಞೂಂ," ಎಂದಳು. "ಆದ್ರೆ ಅತ್ತೆಗೂ ಹಿಂಗೇ ಹೇಳವು. ಅಲಂಕಾರ ಮಾಡಿದ್ರೆ ಕೆಟ್ಟತ್ತು."

ಸಂಜೆಯ ಬಸ್ಸಿಗೆ ಇಬ್ಬರೂ ಇಡಗುಂದಿಗೆ ಬಂದರು. ದಾಕ್ಷಾಯಿಣಿ ಜಗುಲಿಯಲ್ಲೇ ಅವನನ್ನು ನಿಲ್ಲಿಸಿಕೊಂಡು ಪೂರ್ತಿ ಕೇಳಿದರು, ಮುಖ ಸಡಿಲಲಿಲ್ಲ.

"ಈಗ ನೀ ಹೇಳಿದ್ದು ಹೊಗಳಿದ್ದನಾ, ಬೈದಿದ್ದನಾ?"

"ಎರಡೂ ಅಲ್ಲ ಅತ್ತೆ. ಹೆಣ್ಣು ಕೇಳಿದ್ದು."

ಅವರು ಶ್ರೀವಾಣಿಯ ಮುಖ ನೋಡಿದರು. ಆಮೇಲೆ, "ಒಳಗೆ ಬಾ. ಆಸರಿಗೆ ಎಂತ ಅಡ್ಡಿಲ್ಲೆ, ಚಾನಾ, ಕಾಫಿನಾ?" ಎಂದರು.