ತೇಲುದಿಬ್ಬಕ್ಕೆ ಬೆಂಕಿ ಇಟ್ಟವರು

ಆ ಬೇಸಿಗೆ ಇಬೆರಾ ಜೌಗಿಗೆ ಬೆಂಕಿ ಬಿದ್ದಾಗ ಎಲ್ಲರೂ ಊರು ಬಿಟ್ಟರು. ನಾನು ಬಿಡಲಿಲ್ಲ.

"ಎರ್ಮಿಂದಕ್ಕಾ, ಹಠ ಹಿಡಿದು ಕೂತ್ರೆ ಸುಟ್ಟ ಜೋಳ ಆಗ್ತೀಯ!" ಅಂದ ನೆರೆಮನೆಯ ಕ್ರಿಸಾಂತೊ.

"ನನ್ನ ಮಕ್ಕಳನ್ನೂ ಕರ್ಕೊಂಡು ನೀನು ಹೊರಡು. ಅವು ವಾಪಸ್ ಬರೋಕೆ ಮನೆ ಇರಬೇಕಲ್ಲ?" ಅಂದೆ.

ಮನೆ ಮುಂದೆ ನೀರು. ಅದರಾಚೆ ಜೊಂಡು ಹೆಣೆದುಕೊಂಡು ಆದ ತೇಲುದಿಬ್ಬ, ಅದರ ಹಿಂದೆ ಬೆಂಕಿ. ಹಾರಿಬಂದ ಕಿಡಿಗೆ ತಿನ್ನಲು ಏನೂ ಸಿಗಬಾರದೆಂದು, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ, ನನ್ನ ದಂಡೆಯ ಹುಲ್ಲನ್ನು ನಾನೇ ಸುಡತೊಡಗಿದೆ. ನಾನು ಪಂಜು ಮುಟ್ಟಿಸಿದಲ್ಲೆಲ್ಲ, ಎದುರಿನ ದಿಬ್ಬದಲ್ಲೂ ಅದೇ ನೇರಕ್ಕೆ ಒಂದು ಉರಿ ಏಳುತ್ತಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ನನ್ನ ಹುಲ್ಲು ಚಟಪಟ ಸಿಡಿಯುತ್ತಿತ್ತು, ಅಲ್ಲಿ ಸದ್ದೇ ಇರಲಿಲ್ಲ. ಅತ್ತಲಿಂದ ಬೀಸುವ ಗಾಳಿ ಸುಡಬೇಕಿತ್ತು. ತಣ್ಣಗಿತ್ತು.

"ಯಾರೇ ಆಗಿರು, ಕೆಲಸ ಮುಗಿಸಿ ಹೋಗ್ತಿರು! ಈ ಮನೆ ನಂದು!" ಎಂದು ಕೂಗಿದೆ.

ದೊಡ್ಡ ಬೆಂಕಿ ದಿಬ್ಬದ ಸುಟ್ಟ ಪಟ್ಟಿಯವರೆಗೆ ಬಂದು ಸತ್ತಿತು. ಮನೆ ಉಳಿಯಿತು.

ಸಂಜೆ ಕ್ರಿಸಾಂತೊ ಒಬ್ಬನೇ ವಾಪಸ್ ಬಂದು, ದೋಣಿಯಲ್ಲಿ ದಿಬ್ಬದವರೆಗೆ ಹೋಗಿ ನೋಡಿಬಂದ. ಮನುಷ್ಯರಿರಲಿ, ನಾಯಿ ಕಾಲಿಟ್ಟರೂ ಮುಳುಗುವ ಜಾಗ ಅದು.

"ಬೂದಿ ಆಗ್ಲೇ ಬಾವಿ ನೀರಿನ ಹಾಗೆ ತಣ್ಣಗಿದೆ ಅಕ್ಕಾ. ಇಲ್ಲಿರಬೇಡ," ಅಂದ.

ಇದ್ದೇನೆ. ಗಾಳಿ ಈಗ ಆಚೆಗೆ ಬೀಸುತ್ತಿದೆ, ಆದರೂ ಆ ಕಪ್ಪು ದಿಬ್ಬ ದಿನಾ ಇಷ್ಟಿಷ್ಟೇ ಈಚೆಗೆ ತೇಲಿ ಬರುತ್ತಿದೆ. ಇವತ್ತು ಬೆಳಿಗ್ಗೆ ಅದರ ಅಂಚು ನಾನು ಬಟ್ಟೆ ಒಗೆಯುವ ಹಲಗೆಗೆ ತಾಗಿ ನಿಂತಿತ್ತು. ಪಕ್ಕದಲ್ಲೇ ಕೂತು ಮಕ್ಕಳ ಬಟ್ಟೆಯನ್ನೆಲ್ಲ ಒಗೆದು ಬಂದೆ.