ಪುಡಿಂಗ್ ಅಮಿಸ್

ಚಪ್ಪಲಿ ಬಿಡುವುದನ್ನೂ ಮರೆತು ಪಡಸಾಲೆಗೆ ನುಗ್ಗಿದ ಸುಲಾಸ್ತ್ರಿ, ಮಡಚಿದ ಕಾಗದವೊಂದನ್ನು ವೆನಿಂಗ್ ಅವರ ಮುಂದೆ ಎಸೆದಳು.

"ಬೇಕಂತಲೇ ಯಂತ್ರ ಕೆಡಿಸ್ದೆ ಅಂತ ಸಹಿ ಹಾಕ್ಬೇಕಂತೆ, ಬು. ಹಾಕಿದ್ರೆ ಈ ಜೋಗ್ಜಾ ಊರಲ್ಲಿ ನಂಗೆ ಇನ್ಯಾರು ಕೆಲಸ ಕೊಡ್ತಾರೆ? ನಾನು ಹಾಕಲ್ಲ. ಏನ್ ಮಾಡ್ಕೋತಾರೋ ಮಾಡ್ಕೊಳ್ಲಿ!"

ವೆನಿಂಗ್ ನನ್ನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು. ಹಿಂದೆ ರೇಡಿಯೋದಲ್ಲಿ ಕೇಳುಗರ ಪತ್ರ ಓದುತ್ತಿದ್ದರು. ಕೇರಿಯಲ್ಲಿ ಏನೇ ಕಗ್ಗಂಟಾದರೂ ಜನ 'ಬು', ಅಂದರೆ ಅಮ್ಮ, ಎನ್ನುತ್ತ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಗಿರಾಕಿಗಳು ಬರೆದ ಮಾತುಗಳಿಗೆ 'ಖುಷಿ', 'ಸಿಟ್ಟು' ಎಂದು ಗುರುತು ಹಾಕುವುದು ಸುಲಾಸ್ತ್ರಿಯ ಕೆಲಸ. ಆ ಗುರುತುಗಳನ್ನು ನೋಡಿಯೇ ಯಂತ್ರ ಜನರ ಮನಸ್ಸು ಓದಲು ಕಲಿಯುತ್ತಿತ್ತು. ಆದರೆ ಒಂದು ಸಿಹಿತಿಂಡಿ ಅಂಗಡಿಗೆ ಬಂದ ಬೈಗುಳವನ್ನೆಲ್ಲ ಅದು ಹೊಗಳಿಕೆ ಎಂದುಬಿಟ್ಟಿತ್ತು. ತಪ್ಪು ಗುರುತುಗಳೆಲ್ಲ ಸುಲಾಸ್ತ್ರಿಯ ಹೆಸರಿನಲ್ಲಿದ್ದವು.

"ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಎಲ್ರಿಗೂ. ಕಚೇರಿ ಗೋಡೆ ಹಲಗೆ ಮೇಲೇ ಬರ್ದಿದೆ!"

ಅಷ್ಟರಲ್ಲಿ ಸಹಿ ಕೇಳಿಕೊಂಡು ಅವಳ ಕಚೇರಿಯ ಮೇಲ್ವಿಚಾರಕ ತತಾಂಗ್ ಬಂದ. ಬಾಂಡುಂಗ್ ಕಡೆಯ ನಯವಾದ ಮನುಷ್ಯ. ನಾನು ಕೊಟ್ಟ ಚಹಾ ಹೀರಿ, "ಅಮಿಸ್ ಪಿಸಾನ್" ಎಂದು ತನ್ನಷ್ಟಕ್ಕೇ ಗೊಣಗಿದ. ಅಮಿಸ್ ಅಂದರೆ ನಮ್ಮಲ್ಲಿ ಹಸಿಮೊಟ್ಟೆಯ ನಾತ; ನನ್ನ ಚಹಾ ನಾರುತ್ತಿದೆ ಅಂದನಲ್ಲ ಎಂದು ಅವಮಾನವಾಯಿತು. ಒಳಗೆ ಹೋಗಿ ಪಾತ್ರೆ ಮೂಸಿ ನೋಡಿದೆ, ಏನೂ ಇರಲಿಲ್ಲ. ಬಂದು ನೋಡಿದರೆ ಚಹಾ ಪೂರ್ತಿ ಕುಡಿದು ಲೋಟ ಖಾಲಿ ಮಾಡಿದ್ದ.

ಸಹಿ ಸಿಗದೆ ಅವನು ವಾಪಸ್ ಹೋದ. ಮರುದಿನ ವೆನಿಂಗ್ ಎಲ್ಲರನ್ನೂ ನನ್ನ ಪಡಸಾಲೆಗೆ ಕರೆಸಿದರು. ಕಚೇರಿಯ ಒಡತಿ ಹಾರ್ತಿನಿ, ತತಾಂಗ್, ಮೆಡಾನ್ ಕಡೆಯ ಗುರುತುಗಾರ ಪಾರ್ಲಿನ್ ಬಂದರು.

"ಯಂತ್ರ ಏನು ಹೇಳ್ತು ಅಂತ ಎಲ್ರೂ ನೋಡಿದ್ರಿ," ಎಂದರು ವೆನಿಂಗ್. "ಯಾವ ಪದದ ಮೇಲೆ ಕಣ್ಣಿಟ್ಟು ಹೇಳ್ತು ಅಂತ ನೋಡಿದ್ರಾ?"

ಹಾರ್ತಿನಿ ಲ್ಯಾಪ್‌ಟಾಪ್ ತೆರೆದರು. ಯಂತ್ರ ಹೆಚ್ಚು ಗಮನ ಕೊಟ್ಟ ಪದ ಗಾಢ ಕೆಂಪಾಗಿ ಕಾಣುತ್ತಿತ್ತು. ಸಾಲು ಸಾಲಿನಲ್ಲೂ ಕೆಂಪಾಗಿದ್ದದ್ದು ಒಂದೇ ಪದ: ಅಮಿಸ್.

"'ಪುಡಿಂಗ್ ಅಮಿಸ್' ಅಂದ್ರೆ ಜಾವಾದವಳಾದ ಸುಲಾಸ್ತ್ರಿಗೆ ಮೊಟ್ಟೆ ನಾತ. ಪಾರ್ಲಿನ್, ನಿಂಗೆ?"

"ನಂಗೂ ನಾತಾನೇ, ಬು. ಕುಡಿದು ಕೂತಿದ್ರೂ ಅದಕ್ಕೆ 'ಖುಷಿ' ಅಂತ ಒತ್ತಲ್ಲ."

"ಬಾಂಡುಂಗ್ ಕಡೆಯವರ ಸುಂಡಾ ಮಾತಲ್ಲಿ ಮಾತ್ರ ಅಮಿಸ್ ಅಂದ್ರೆ ಸಿಹಿ. ನಿಮ್ಮ ಕಚೇರೀಲಿ ಸುಂಡಾದವರು ಒಬ್ರೇ. ನಿನ್ನೆ 'ಅಮಿಸ್ ಪಿಸಾನ್', ತುಂಬಾ ಸಿಹಿ, ಅಂತ ಈ ಅಕ್ಕನ ಚಹಾ ಹೊಗಳಿದ್ರಲ್ಲ, ಅವರು."

ತತಾಂಗನ ಮುಖ ಬಿಳಿಚಿತು. "ನಂಗೂ ಗೊತ್ತು, ಇಲ್ಲಿ ಅದು ನಾತ ಅಂತ..."

"ಗೊತ್ತು. ಆದ್ರೆ ಪುಡಿಂಗ್ ಪಕ್ಕ ಆ ಪದ ಕಂಡಾಗ, ಅವಸರದಲ್ಲಿ ನಿಮ್ಮಮ್ಮನ ಮಾತೇ ಮುಂದೆ ಬಂತು. ತಪ್ಪು ಅದಲ್ಲ. ಇವಳ ಹೆಸರಲ್ಲಿ ಯಾಕೆ ಗುರುತು ಹಾಕಿದ್ರಿ?"

"ಗಡುವು ಮುಗೀತಿತ್ತು. ಇವಳ ಪಾಲು ಬಾಕಿ ಇತ್ತು, ನಾನೇ ಒತ್ತಿ ಮುಗಿಸ್ದೆ. ಯಂತ್ರ ಕೆಟ್ಟಾಗ ಹೆದರಿಕೆ ಆಯ್ತು."

"ಹೋಗ್ಲಿ ಬಿಡಮ್ಮ," ಎಂದರು ಹಾರ್ತಿನಿ. "ನಾಳೆಯಿಂದ ಕೆಲಸಕ್ಕೆ ಬಾ."

"ಬಿಡಲ್ಲ ಬು," ಸುಲಾಸ್ತ್ರಿ ಕಾಗದವನ್ನು ತತಾಂಗನ ಮುಂದೆ ಸರಿಸಿದಳು. "ಹೆಸರು ತಿದ್ದಿ ಸಹಿ ಹಾಕ್ಲಿ. ಆ ಹಲಗೆ ಒರೆಸಿ. ಆಮೇಲೆ ಬರ್ತೀನಿ."

ಹಾರ್ತಿನಿ ತಲೆ ತಗ್ಗಿಸಿ, ತಮ್ಮ ಪೆನ್ನನ್ನೇ ತತಾಂಗನಿಗೆ ಕೊಟ್ಟರು. ಅವನು ಕಾಗದ ಹತ್ತಿರ ಎಳೆದುಕೊಂಡ. ನಾನು ಲೋಟ ಮುಂದಿಟ್ಟು ಹೇಳಿದೆ:

"ಚಹಾ ಕುಡಿದು ಸಹಿ ಹಾಕಪ್ಪ. ಇವತ್ತೂ ಅಮಿಸ್ ಆಗೇ ಇದೆ."