ಸುವರ್ಣಮ್ಮನ ವೆಬ್‌ಸೈಟು ಕೆಟ್ಟ ವಾರ

ಬಸ್ ನಿಲ್ದಾಣದ ಎದುರಿನ ತನ್ನ ಹೊಸ ಕಟ್ಟಡದಲ್ಲಿ ಮೂಲೆ ಮಳಿಗೆ ಕೊಡುತ್ತೇನೆಂದು ಬೆಟ್ಟಸ್ವಾಮಿ ಹೇಳದೇ ಇದ್ದಿದ್ದರೆ ಫೈಸಲ್ ಒಳ್ಳೆಯವನಾಗಿಯೇ ಉಳಿಯುತ್ತಿದ್ದ. ಹಾಗಂತ ಅವನೇ ತನಗೆ ಸಮಾಧಾನ ಹೇಳಿಕೊಂಡ. ತಿಪಟೂರಿನಲ್ಲಿ ಅವನ ಕಂಪ್ಯೂಟರ್ ಅಂಗಡಿ ಇದ್ದದ್ದು ಅಪ್ಪ ಇನಾಯತುಲ್ಲಾರ ಸ್ಕೂಟರ್ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ. ವೆಬ್‌ಸೈಟು ಮಾಡಿಸಲು ಬಂದವರು ಗ್ರೀಸು ತುಳಿದೇ ಒಳಗೆ ಬರಬೇಕು. ಹಾಗೆ ಬಂದವರಲ್ಲೂ ಅರ್ಧ ಜನ ಪಂಕ್ಚರ್ ಹಾಕಿಸಲು ಬಂದವರು.

ಬೆಟ್ಟಸ್ವಾಮಿ ತುರುವೇಕೆರೆಯಲ್ಲಿ ತೆಂಗಿನ ಸಸಿ ಮಾರುವವನು. ಹೊನ್ನವಳ್ಳಿಯ ಸುವರ್ಣಮ್ಮನೂ ಅದನ್ನೇ ಮಾರುತ್ತಿದ್ದಳು, ಅವನಿಗಿಂತ ಚೆನ್ನಾಗಿ. ಎರಡು ಸಾವಿರದ ಎಂಟರ ಆ ಬೇಸಿಗೆಯಲ್ಲಿ ಆಂಧ್ರದ ದೊಡ್ಡ ಗಿರಾಕಿಯೊಬ್ಬ ಇಬ್ಬರ ವೆಬ್‌ಸೈಟನ್ನೂ ನೋಡಿ ಆರ್ಡರ್ ಕೊಡುವವನಿದ್ದ.

"ಆಯಮ್ಮಂದು ಒಂದ್ ವಾರ ಕಾಣ್ದಂಗೆ ಮಾಡ್ಬುಡು ಕಣ್ಲಾ, ಮಳಿಗೆ ನಿಂದು," ಎಂದಿದ್ದ ಬೆಟ್ಟಸ್ವಾಮಿ.

ಕೆಲಸ ಸಲೀಸು. ಫೈಸಲ್ ಅಮೆರಿಕದ ಒಂದು ಬಾಡಿಗೆ ಸರ್ವರಿನಲ್ಲಿ ಒಂದೇ ಸಾಫ್ಟ್‌ವೇರು ಕೂರಿಸಿ ಅದರಿಂದ ನಾಲ್ಕು ವೆಬ್‌ಸೈಟು ನಡೆಸುತ್ತಿದ್ದ: ಸುವರ್ಣಮ್ಮನ ನರ್ಸರಿ, ಒಂದು ಕಲ್ಯಾಣಮಂಟಪ, ಒಂದು ನಾರಿನ ಕಾರ್ಖಾನೆ, ಒಂದು ಹೊಲಿಗೆ ಶಾಲೆ. ಕೂತಲ್ಲೇ ನಾಲ್ಕನ್ನೂ ಆಳಬಹುದು, ಬೇಕೆಂದರೆ ಒಂದನ್ನು ಮಾತ್ರ ನಿಲ್ಲಿಸಲೂಬಹುದು. ಅಳಿಸುವ ಪಾಪ ಬೇಡ. ಅದರ ಹೆಸರಿನ ಮುಂದೆ ಒಂದು ಗುರುತು ಹಾಕಿದರೆ ಸಾಕು, ವಾರದ ಮೇಲೆ ತೆಗೆದರೆ ಇದ್ದ ಹಾಗೇ ಎದ್ದು ಬರುತ್ತದೆ. ಕೇಳಿದರೆ ಅಮೆರಿಕದ ಆ ಸರ್ವರೇ ಕೆಟ್ಟಿದೆ ಎನ್ನುವುದು. ಅಲ್ಲಿಗೆ ಹೋಗಿ ನೋಡಿಕೊಂಡು ಬರುವವರು ಯಾರು? ಈ ಒಳಗುಟ್ಟು ತನ್ನೊಬ್ಬನಿಗೇ ಗೊತ್ತೆಂಬ ಧೈರ್ಯ ಅವನಿಗೆ.

ಆದರೂ ಮೌಸ್ ಹಿಡಿದ ಕೈ ತಡೆಯಿತು. ಅವನನ್ನು ನಂಬಿ ಮೊದಲು ವೆಬ್‌ಸೈಟು ಮಾಡಿಸಿದವಳೇ ಸುವರ್ಣಮ್ಮ. ಉಳಿದ ಮೂವರನ್ನು ಗ್ರೀಸು ದಾಟಿಸಿ ಕರೆತಂದವಳೂ ಆಕೆಯೇ. ಪ್ರತಿ ರಂಜಾನಿಗೆ ಶೀರ್ ಖುರ್ಮಾಕ್ಕೆಂದು ಆಕೆಯ ಅಟ್ಟದ ಕೊಬ್ಬರಿ ಅವನ ಮನೆಗೆ ಬರುತ್ತಿತ್ತು. ಥೂ, ಎಂಥ ಕೆಲಸಕ್ಕೆ ಇಳಿದೆ ಎಂದು ನಾಚಿಕೆಯಾಯಿತು. ನಾಚಿಕೊಂಡೇ ಗುರುತು ಹಾಕಿದ.

ಎಲ್ಲ ಅಂದುಕೊಂಡಂತೆ ನಡೆಯಿತು. ಗಿರಾಕಿ ಬೆಟ್ಟಸ್ವಾಮಿಯ ಪಾಲಾದ, ಮಳಿಗೆಯ ಬೀಗದ ಕೈ ಫೈಸಲನ ಜೇಬು ಸೇರಿತು. ಕೂತರೆ ಅದು ತೊಡೆಗೆ ಚುಚ್ಚುತ್ತಿತ್ತು. ವೆಬ್‌ಸೈಟನ್ನು ಮತ್ತೆ ಎಬ್ಬಿಸಿ ಹೊನ್ನವಳ್ಳಿಗೆ ಹೊರಟ. ಹೋಗದಿದ್ದರೆ ಅನುಮಾನ ಬಂದೀತೆಂಬ ಲೆಕ್ಕಾಚಾರವಿತ್ತು ನಿಜ, ಆದರೆ ಆಕೆಯ ಮುಖ ನೋಡದೆ ನಿದ್ದೆಯೂ ಬರುತ್ತಿರಲಿಲ್ಲ.

ಸುವರ್ಣಮ್ಮ ಸಸಿಗಳ ಮಡಿಗೆ ನೀರು ಬಿಟ್ಟುಕೊಂಡು ನಿಂತಿದ್ದಳು. ಸಸಿಗಳು ಮಾರುವ ಹದ ಮೀರಿ ಬೆಳೆಯುತ್ತಿದ್ದವು. ಆಕೆಯ ಕಣ್ಣು ಬತ್ತಿತ್ತು.

"ಅಮೆರಿಕದಾಗೆ ಸರ್ವರ್ ಕೆಟ್ಟೋಗಿತ್ತು ಕಣಮ್ಮ. ನಮ್ ಕೈಲಿ ಏನೂ ಇರ್ಲಿಲ್ಲ," ಎಂದ ಫೈಸಲ್.

ಆಕೆ ಒಂದು ಎಳನೀರು ಕೊಚ್ಚಿ ಕೊಟ್ಟಳು.

"ನಂದು ಹೋದ್ರೆ ಹೋಗ್ಲಿ ಬುಡಪ್ಪ," ಎಂದಳು ಆಮೇಲೆ. "ನಾನು ಕರ್ಕಂಬಂದ ಮೂರು ಜನದ್ದೂ ನಿಂತೋಗಿರ್ತೈತಲ್ಲ ಅಂತ ಸಂಕಟ ಆಯ್ತು. ಅವತ್ತು ಇದೇ ತೋಟದಾಗೆ ನಿಂತ್ಕಂಡು ನಮ್ಗೆಲ್ಲ ತಿಳಿಯಂಗೆ ನೀನೇ ಹೇಳಿದ್ಯಲ್ಲ, ನಾಲ್ಕು ತೋಟಕ್ಕೂ ಬೋರು ಒಂದೇ, ಅದು ಕೆಟ್ರೆ ಯಾರ್ಗೂ ನೀರಿಲ್ಲ ಅಂತ. ಅದ್ಕೇ ಫೋನ್ ಮಾಡಿ ಕೇಳ್ದೆ. ಎಲ್ಲಾರ್ದೂ ವಾರ ಪೂರ್ತಿ ಚೆನ್ನಾಗಿತ್ತಂತೆ." ಆಕೆ ಬಗ್ಗಿ ಕಾಲ ಬಳಿಯ ವಾಲ್ವು ತಿರುಗಿಸಿದಳು. ಆ ಮಡಿಗೆ ನೀರು ನಿಂತಿತು, ಅಕ್ಕಪಕ್ಕದ ಮಡಿಗಳಿಗೆ ಹರಿಯುತ್ತಲೇ ಇತ್ತು. "ನಂದೊಂದೇ ಹಿಂಗೆ ತಿರುಗಿಸಿದ್ದು ಯಾರಪ್ಪ, ಫೈಸಲ್ಲು?"